ಇಬ್ಬರು ಸ್ಟಾಪರ್‌ಗಳ ನಡುವಿನ ಜಾಗ

ಫುಟ್‌ಬಾಲ್ ತಂಡದ ರಕ್ಷಣೆಯಲ್ಲಿ ಎಲ್ಲರಿಗಿಂತ ಮುಖ್ಯ ಯಾರು ಎಂಬ ವಿಷಯಕ್ಕೆ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ಚರ್ಚೆ ನಡೆಯಿತು. ನನ್ನ ಗಂಡ ಗೋಲ್ ಕೀಪರ್ ಎಂದರು. ಜೀವಮಾನದಲ್ಲಿ ಒಮ್ಮೆಯೂ ಚೆಂಡು ಒದ್ದವರಲ್ಲ, ಆದರೆ ಟಿವಿ ಮುಂದೆ ಕೂತರೆ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಭಾವ, ಅಂದರೆ ಗಂಡನ ಅಣ್ಣ, ಎರಡು ಬದಿಯ ಬ್ಯಾಕ್‌ಗಳೇ ಮುಖ್ಯ ಎಂದರು. ದಿನಾ ಲೋಕಲ್ ಟ್ರೇನಿನಲ್ಲಿ ಬಾಗಿಲ ಬದಿಗೆ ನಿಂತು ಮೊಣಕೈ ಪೆಟ್ಟು ತಿನ್ನುವ ಮನುಷ್ಯ. ಅಪಾಯವೆಲ್ಲ ಬದಿಯಿಂದಲೇ ಬರುತ್ತದೆ ಎಂದು ಅವರ ನಂಬಿಕೆ. ನನ್ನ ಮಗಳು ಇಬ್ಬರಿಗೂ ಕೈಮುಗಿದು, ನಡುವೆ ನಿಲ್ಲುವ ಇಬ್ಬರು ಸ್ಟಾಪರ್‌ಗಳು ಸರಿ ಇಲ್ಲದಿದ್ದರೆ ಮಿಕ್ಕವರೆಲ್ಲ ದಂಡ ಎಂದಳು. ನಾನು ಬಸಳೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಈಗ ಇದೆ, ಯಾರು ಬಂದು ವಾದಿಸಿದರೂ ಅದನ್ನು ಬಿಟ್ಟುಕೊಡುವುದಿಲ್ಲ. ಯಾಕೆಂದರೆ ಐವತ್ತು ದಾಟಿದ ಮೇಲೆ ನಾನೇ ಸ್ಟಾಪರ್ ಆದೆ.

ಮೊದಲು ಮನೆಯ ಸಂಗತಿ ಹೇಳಿಬಿಡುತ್ತೇನೆ. ಮುಂಬಯಿಯ ಹೊರವಲಯದ ಠಾಕುರ್ಲಿಯಲ್ಲಿ ನಮ್ಮವು ಎದುರುಬದುರು ಎರಡು ಫ್ಲ್ಯಾಟುಗಳು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಭಾವ ಮತ್ತು ಅವರ ಹೆಂಡತಿ. ಅವರನ್ನು ನಾನು ಅಕ್ಕ ಎಂದೇ ಕರೆಯುವುದು. ಅವರು ಉಡುಪಿಯವರು, ನಾನು ಕುಂದಾಪುರದ ಕಡೆಯವಳು. ಅವರ ತುಳುವಿಗೂ ನನ್ನ ಊರಿನ ಮಾತಿಗೂ ನಡುವೆ ಒಂದು ಉಡುಪಿ ಕನ್ನಡ ನಮ್ಮಿಬ್ಬರಿಗೆ ರೂಢಿಯಾಯಿತು. ಅಕ್ಕನಿಗೆ ಮಕ್ಕಳಿಲ್ಲ. ನಾನು ಬೆಳಿಗ್ಗೆ ಬಾಯಿಗೆ ಇಡ್ಲಿ ತುರುಕಿಕೊಂಡು ಮುಂಬಯಿಗೆ ಆಫೀಸಿಗೆ ಓಡಿದ ಮೇಲೆ ನನ್ನ ಮಗಳಿಗೆ ಜಡೆ ಹಾಕಿದ್ದು, ಊಟ ಮಾಡಿಸಿದ್ದು, ಜ್ವರ ಬಂದರೆ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದ್ದು ಎಲ್ಲ ಅಕ್ಕ. ಹಗಲಿಡೀ ಎರಡೂ ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಮಗಳಿಗೆ ಎಷ್ಟೋ ವರ್ಷ ಅದು ಒಂದೇ ಮನೆ, ನಡುವೆ ಬೇರೆಯವರು ಓಡಾಡುವ ಒಂದು ಪ್ಯಾಸೇಜು, ಅಷ್ಟೇ.

ಇಷ್ಟಿದ್ದೂ ನಾವಿಬ್ಬರು ಮನಸ್ಸಿನಲ್ಲಿದ್ದದ್ದನ್ನು ಒಬ್ಬರಿಗೊಬ್ಬರು ಹೇಳಿದವರಲ್ಲ. ನಮ್ಮದು ಮರ್ಯಾದೆಯ ಸಂಬಂಧ. ಪತ್ರೊಡೆ ಮಾಡಿದರೆ ಕೊನೆಯ ತುಂಡು ತಟ್ಟೆಯಲ್ಲೇ ಉಳಿಯುತ್ತಿತ್ತು. ‘ನೀನು ತಗೋ’ ಎಂದು ಅವರು, ‘ಬೇಡ ಅಕ್ಕ, ನೀವೇ ತಗೊಳ್ಳಿ’ ಎಂದು ನಾನು. ಸಂಜೆ ಮಗಳು ಬಂದು ಗಬಕ್ಕನೆ ಬಾಯಿಗೆ ಹಾಕಿಕೊಂಡಾಗ ಇಬ್ಬರಿಗೂ ಸಮಾಧಾನ. ಹಬ್ಬದ ಸೀರೆಗೆ ಹೋದರೆ ಅವರಿಗೆ ಇಷ್ಟವಾದದ್ದನ್ನು ನಾನು ಮುಟ್ಟುತ್ತಿರಲಿಲ್ಲ, ನನಗೆ ಇಷ್ಟವಾದದ್ದನ್ನು ಅವರು ಮುಟ್ಟುತ್ತಿರಲಿಲ್ಲ, ಕೊನೆಗೆ ಇಬ್ಬರೂ ಬೇಡದ ಸೀರೆ ಹೊತ್ತು ಬರುತ್ತಿದ್ದೆವು. ಅಂಗಡಿಯವನಿಗೆ ನಮ್ಮಂಥ ಗಿರಾಕಿ ಸಿಕ್ಕಿದರೆ ಹಬ್ಬ.

ನಮ್ಮ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಗುವುದೆಂದು ನಿರ್ಧಾರವಾಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟುವವರೆಗೆ ಎಲ್ಲರೂ ಬಾಡಿಗೆ ಮನೆ ನೋಡಿಕೊಳ್ಳಬೇಕು. ಭಾವನ ಆಫೀಸು ದೂರದ ನವಿ ಮುಂಬಯಿಯಲ್ಲಿ, ವಾಶಿಯಲ್ಲಿ. ಒಂದು ದಿನ ಅಕ್ಕ ಒಣಗಿದ ಬಟ್ಟೆ ಮಡಚುತ್ತಾ, ‘ಕೋಪರಖೈರಣೆಯಲ್ಲಿ ಮನೆ ನೋಡುವ ಅಂತ ಇವರು ಹೇಳ್ತಾ ಇದ್ದಾರೆ. ಇವರಿಗೂ ಹತ್ತಿರ ಆಗ್ತದೆ, ಅಲ್ವಾ?’ ಎಂದರು. ಬೇಡ ಅಕ್ಕ ಎನ್ನಬೇಕೆಂದಿದ್ದೆ. ಆದರೆ ಬಾಯಿಯಿಂದ ಬಂದದ್ದು, ‘ಹೌದಕ್ಕ, ಪಾಪ, ಭಾವನಿಗೆ ಓಡಾಟ ತಪ್ತದೆ’ ಎಂದು. ಅವರು ‘ಹೂಂ’ ಎಂದರು. ನಾನೂ ‘ಹೂಂ’ ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಈ ಕಡೆ ರೀಡೆವಲಪ್‌ಮೆಂಟಿಗೆ ಮನೆ ಬಿಟ್ಟವರ ಕಥೆ ನಾನು ಬೇಕಾದಷ್ಟು ನೋಡಿದ್ದೇನೆ. ಬರುತ್ತೇವೆ ಎಂದು ಹೋಗುತ್ತಾರೆ, ಕಟ್ಟುವ ಕೆಲಸ ಎಳೆಯುತ್ತದೆ, ಅಷ್ಟರಲ್ಲಿ ಹೊಸ ಜಾಗದ ತರಕಾರಿಯವನು, ಹೊಸ ಡಾಕ್ಟರು, ಹೊಸ ದೇವಸ್ಥಾನ ಎಲ್ಲ ಅಭ್ಯಾಸವಾಗಿ ಅಲ್ಲೇ ಉಳಿಯುತ್ತಾರೆ. ಎದುರಿನ ಬಾಗಿಲು ತೆರೆದರೆ ಅಕ್ಕ ಕಾಣಿಸದ ಬದುಕು ನನಗೆ ಬೇಡವಾಗಿತ್ತು. ಆದರೆ ಹೋಗಬೇಡಿ ಎನ್ನಲು ನಾನ್ಯಾರು? ಅವರಿಗೂ ಒಂದು ಬದಲಾವಣೆ ಬೇಕಿರಬಹುದು, ಇಷ್ಟು ವರ್ಷ ನನ್ನ ಮಗಳ ಹಿಂದೆ ಓಡಿ ಸಾಕಾಗಿರಬಹುದು ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಂಡೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಗಂಡನ ಮೇಲೆ ರೇಗುತ್ತಿದ್ದೆ. ಅವರು ಇದು ವಯಸ್ಸಿನ ತೊಂದರೆ ಎಂದು ತಿಳಿದು ಕ್ಯಾಲ್ಸಿಯಂ ಮಾತ್ರೆ ತಂದುಕೊಟ್ಟರು.

ಫುಟ್‌ಬಾಲ್ ಬಂದದ್ದು ಈ ಹೊತ್ತಿನಲ್ಲೇ. ಪಕ್ಕದ ಡೊಂಬಿವ್ಲಿಯ ನಮ್ಮ ಕನ್ನಡದವರ ಸಂಘದಲ್ಲಿ ಹೆಂಗಸರಿಗೆ ವರ್ಷಕ್ಕೊಮ್ಮೆ ಆಟಗಳಿರುತ್ತವೆ. ಲಿಂಬೆ ಹಣ್ಣು ಚಮಚ, ಸಂಗೀತ ಕುರ್ಚಿ, ಹೆಚ್ಚೆಂದರೆ ಥ್ರೋಬಾಲ್. ಈ ಸಲ ನವಿ ಮುಂಬಯಿ ಕಡೆಯ ಹೆಂಗಸರು, ಏಳೇಳು ಜನರ ಫುಟ್‌ಬಾಲ್ ಆಡುತ್ತೀರಾ ಎಂದು ಕೇಳಿ ಕಳುಹಿಸಿದರು. ನಮ್ಮವರಿಗೆ ರೋಷ ಬಂತು. ನನ್ನ ಮಗಳು ಕಾಲೇಜಿನಲ್ಲಿ ಆಡಿದವಳು, ಈಗ ಠಾಣೆ ಊರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವವಳು. ಅವಳನ್ನೇ ಕೋಚ್ ಮಾಡಿದರು.

ಯಾರು ಎಲ್ಲಿ ನಿಲ್ಲುವುದು ಎಂದು ಕೋಚ್ ಹೇಳುವ ಮೊದಲೇ ಹೆಂಗಸರು ಹಂಚಿಕೊಂಡುಬಿಟ್ಟಿದ್ದರು. ದಿನಾ ವಾಕಿಂಗ್ ಹೋಗುವವರು ಮುಂದೆ, ಮಂಡಿನೋವಿನವರು ಹಿಂದೆ. ನಾನೂ ಅಕ್ಕನೂ ಯಾರೂ ಹೇಳದೆ ಹಿಂದೆ ಹೋಗಿ ನಿಂತೆವು. ಮದುವೆ ಮನೆಯಲ್ಲೂ ನಾವು ಹಿಂದಿನ ಕುರ್ಚಿ ಹುಡುಕುವವರೇ. ಗೋಲಿಗೆ ಇಲ್ಲೇ ಮುಂದಿನ ಊರು ಕಲ್ಯಾಣದಲ್ಲಿರುವ ಒಬ್ಬರು ಟೀಚರ್ ನಿಂತರು. ಧಾರವಾಡದ ಕಡೆಯವರು, ಗಟ್ಟಿ ಮೈ, ಇನ್ನೂ ಗಟ್ಟಿ ಗಂಟಲು. ‘ಏನ್ ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ ಹಿಂದ’ ಎಂದು ಸೊಂಟಕ್ಕೆ ದುಪಟ್ಟಾ ಬಿಗಿದರು.

ಮಗಳು ಹಣೆ ಚಚ್ಚಿಕೊಂಡಳು. ‘ಮಮ್ಮಿ, ಪೀಛೇ ಮತ್ಲಬ್ ಆರಾಮ್ ನಹೀ ಹೋತಾ!’ ಹಿಂದೆ ನಿಲ್ಲುವುದೆಂದರೆ ವಿಶ್ರಾಂತಿಯಲ್ಲ ಎಂದು ಅವಳ ಪಾಠ ಶುರುವಾಯಿತು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಕ್ಕನ ಜೊತೆ ಮಾತ್ರ ಒಂದಿಷ್ಟು ಕನ್ನಡ ಆಡುತ್ತಾಳೆ, ನನ್ನ ಜೊತೆ ಅಷ್ಟೂ ಇಲ್ಲ.

ಅಭ್ಯಾಸಕ್ಕೆಂದು ಠಾಣೆಯ ನೌಪಾಡಾದ ಹತ್ತಿರ ಒಂದು ಟರ್ಫಿನಲ್ಲಿ ಅಲ್ಲಿಯ ಹೆಂಗಸರ ಜೊತೆ ಆಡಿದೆವು. ಟರ್ಫ್ ಎಂದರೆ ಪ್ಲಾಸ್ಟಿಕ್ ಹುಲ್ಲಿನ ಅಂಗಳ, ಸುತ್ತಲೂ ತಲೆಯ ಮೇಲೂ ಬಲೆ. ಹುಲ್ಲಿನ ಬುಡದಲ್ಲಿ ಕರಿಸಾಸಿವೆಯಂಥ ರಬ್ಬರ್ ಕಾಳು. ಆಡಿ ಬಂದ ಮೇಲೆ ಎರಡು ದಿನ ಅದು ಸಾಕ್ಸಿನಿಂದ, ಹಾಸಿಗೆಯಿಂದ, ಒಮ್ಮೆ ಸಾರಿನ ಪಾತ್ರೆಯಿಂದಲೂ ಹೊರಬಿತ್ತು. ಅವತ್ತು ನಾವು ಸೋತ ಪರಿಯನ್ನು ವಿವರಿಸಲು ನನಗೆ ಮನಸ್ಸಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಗೋಲುಗಳೆಲ್ಲ ಒಂದೇ ದಾರಿಯಲ್ಲಿ ಹೋದವು. ಚೆಂಡು ನಮ್ಮಿಬ್ಬರ ನಡುವೆ ಬರುತ್ತಿತ್ತು. ನಾನು ಅಕ್ಕನ ಮುಖ ನೋಡುತ್ತಿದ್ದೆ, ಅಕ್ಕ ನನ್ನ ಮುಖ ನೋಡುತ್ತಿದ್ದರು. ಹಿರಿಯರು ಇರುವಾಗ ನಾನು ಮುಂದೆ ನುಗ್ಗುವುದು ಹೇಗೆ ಎಂದು ನಾನು. ಚಿಕ್ಕವಳು, ಅವಳೇ ಆಡಲಿ ಎಂದು ಅವರು. ಒಮ್ಮೆಯಂತೂ ನಾನು ‘ನೀವು ತಗೊಳ್ಳಿ ಅಕ್ಕ’ ಎಂದು ಬಾಯಿಬಿಟ್ಟೇ ಹೇಳಿದೆ. ಅವರು ‘ಛೆ, ನೀನು ತಗೋ’ ಎಂದರು. ಚೆಂಡು ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ ನಮ್ಮಿಬ್ಬರ ನಡುವೆ ಉರುಳಿ ಹೋಯಿತು. ಹಿಂದಿನಿಂದ ಟೀಚರ್, ‘ಯವ್ವಾ, ಇದೇನ್ ಆರತಿ ತಟ್ಟೀನ, ಒಬ್ಬರಿಗೊಬ್ರು ಸರಿಸ್ಲಿಕ್ಕೆ?’ ಎಂದು ಕೂಗಿದ್ದು ಅರ್ಧ ಠಾಣೆಗೆ ಕೇಳಿಸಿರಬೇಕು.

ಮಗಳು ನಮ್ಮನ್ನು ಬಿಡಲಿಲ್ಲ. ಮನೆಗೆ ಬಂದ ಮೇಲೆ ಎರಡು ಫ್ಲ್ಯಾಟುಗಳ ನಡುವಿನ ಪ್ಯಾಸೇಜಿನಲ್ಲಿ ನಮ್ಮನ್ನು ನಿಲ್ಲಿಸಿ ಪಾಠ ಮಾಡಿದಳು. ಅವಳು ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: ಗೋಲ್ ಕೀಪರ್ ಎಷ್ಟೇ ಒಳ್ಳೆಯವಳಿರಲಿ, ಅವಳ ಹತ್ತಿರ ಚೆಂಡು ಬಂತೆಂದರೆ ಆಗಲೇ ಏನೋ ತಪ್ಪಾಗಿದೆ ಎಂದರ್ಥ. ಬದಿಯಿಂದ ಬಂದವಳು ದೂರದಿಂದ ಓರೆಯಾಗಿ ಒದೆಯಬೇಕು, ಅದು ಕಷ್ಟ. ಆದರೆ ನಟ್ಟನಡುವೆ ದಾರಿ ತೆರೆದರೆ ಕಣ್ಣುಮುಚ್ಚಿ ಒದ್ದರೂ ಗೋಲು. ಆದ್ದರಿಂದ ನಡುವಿನ ಇಬ್ಬರು ಮುಖ್ಯ. ಅವರಲ್ಲಿ ಒಬ್ಬಳು ಚೆಂಡಿಗೆ ಹೋಗಬೇಕು, ಇನ್ನೊಬ್ಬಳು ಅವಳ ಬೆನ್ನ ಹಿಂದೆ ಒಂದಿಷ್ಟು ಓರೆಗೆ ನಿಂತು ಕಾಯಬೇಕು. ಯಾರು ಹೋದರೂ ನಡೆಯುತ್ತದೆ. ಹೋಗುವವಳು ಗಟ್ಟಿಯಾಗಿ ಹೇಳಿ ಹೋಗಬೇಕು.

‘ಹಿರಿಯರಿಗೆ ಹಾಗೆಲ್ಲ ಕೂಗಿ ಹೇಳ್ಲಿಕ್ಕೆ ಆಗ್ತದಾ?’ ಎಂದೆ ನಾನು.

‘ಬಡೀ ಮಾ, ನೀವೇ ಹೇಳಿ ಹಾಗಾದ್ರೆ,’ ಎಂದು ಅವಳು ಅಕ್ಕನ ಕಡೆ ತಿರುಗಿದಳು.

ಅಕ್ಕ ದುಪಟ್ಟಾದಿಂದ ಬೆವರು ಒರೆಸಿಕೊಳ್ಳುತ್ತಾ, ‘ನಂಗೆ ಜೋರು ಮಾಡ್ಲಿಕ್ಕೆ ಬರುದಿಲ್ಲ ಮಗಾ’ ಎಂದರು. ಮಗಳು ಇಬ್ಬರನ್ನೂ ನೋಡಿ, ನಮ್ಮನ್ನು ಬದಲಾಯಿಸೋಣವೆಂದರೆ ತನಗೆ ಬೇರೆ ಜನವೂ ಇಲ್ಲ ಎಂದು ಗೊಣಗಿ ಒಳಗೆ ಹೋದಳು. ಅವಳಿಗೆ ಸಿಟ್ಟು ಬಂದದ್ದು ನ್ಯಾಯವೇ. ಪ್ಯಾಸೇಜಿನಲ್ಲಿ ನಾವಿಬ್ಬರೇ ಉಳಿದೆವು. ಈಗಲಾದರೂ ಕೋಪರಖೈರಣೆಯ ಮಾತು ತೆಗೆಯಬೇಕು ಎಂದುಕೊಂಡೆ. ‘ಚಾ ಮಾಡ್ಲಾ ಅಕ್ಕ?’ ಎಂದು ಕೇಳಿದೆ. ಇಂಥ ಬಾಯಿಗೆ ಏನು ಮಾಡುವುದು ಹೇಳಿ.

ನಿಜವಾದ ಪಂದ್ಯ ನವರಾತ್ರಿ ಕಳೆದ ಮೇಲಿನ ಭಾನುವಾರ, ಕೋಪರಖೈರಣೆಯಲ್ಲೇ. ಭಾವನೂ ನಮ್ಮ ಜೊತೆ ಹೊರಟರು. ಆಟ ಮುಗಿದ ಮೇಲೆ ಅಲ್ಲೇ ಪಕ್ಕದಲ್ಲಿ ಒಂದು ಮನೆ ನೋಡಿಬಿಡೋಣ, ಏಜೆಂಟ್ ಕೀ ತರುತ್ತಾನೆ, ಹಿಡಿಸಿದರೆ ಇವತ್ತೇ ಹೂಂ ಎಂದು ಹೇಳಿಬಿಡೋಣ ಎಂದು ಟ್ರೇನಿನಲ್ಲಿ ಹೇಳಿದರು. ಠಾಣೆಯಲ್ಲಿ ವಾಶಿಯ ಗಾಡಿಗೆ ಬದಲಾಯಿಸುವಾಗ ನನಗೆ ಆಟದ ಯೋಚನೆಯೇ ಇರಲಿಲ್ಲ. ಅಕ್ಕ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಹೊಸ ಊರನ್ನು ಇಷ್ಟಪಟ್ಟು ನೋಡುತ್ತಿದ್ದಾರೆ ಎಂದು ನಾನು ತಿಳಿದೆ, ಮತ್ತು ನನಗೆ ನಾಚಿಕೆಯಿಲ್ಲದೆ ಹೊಟ್ಟೆಕಿಚ್ಚಾಯಿತು.

ನವಿ ಮುಂಬಯಿಯವರಲ್ಲಿ ಒಬ್ಬಳು ಎತ್ತರದವಳಿದ್ದಳು. ಓಡಿದರೆ ಕಣ್ಣಿಗೆ ಸಿಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ನಮ್ಮ ಗುಟ್ಟು ಅವಳಿಗೆ ತಿಳಿಯಿತು. ಬದಿ ಬಿಟ್ಟು ಸೀದಾ ನಮ್ಮಿಬ್ಬರ ನಡುವಿಗೆ ಚೆಂಡು ತರತೊಡಗಿದಳು. ಮೊದಲ ಸಲ ಟೀಚರ್ ಚೆಂಡಿನ ಮೇಲೆ ಧೊಪ್ಪನೆ ಬಿದ್ದು ಉಳಿಸಿದರು. ಎದ್ದು ನಿಂತು ನಮ್ಮನ್ನು ನೋಡಿದ ನೋಟ ಹೆಡ್‌ಮಾಸ್ಟರರ ನೋಟ. ‘ಇನ್ನೊಮ್ಮೆ ನಾ ಬೀಳಾಕಿ ಅಲ್ಲ ನೋಡ್ರಿ. ನನ್ನ ಸೊಂಟಾ ನಿಮ್ಮಪ್ಪನ ಮನೀದಲ್ಲ.’

ಎರಡನೇ ಸಲ ಚೆಂಡು ಬಂದಾಗ ನಾನು ಎಂದಿನಂತೆ ಅಕ್ಕನ ಕಡೆ ತಿರುಗಿದೆ. ಆಗ ಅಕ್ಕ ಕೂಗಿದರು. ‘ಏ! ನನ್ನ ಮುಖ ಎಂತ ನೋಡ್ತಿ? ನೀನು ಹಿಂದೆ ನಿಲ್ಲು, ನಾನು ಹೋಗ್ತೇನೆ!’ ಮದುವೆಯಾಗಿ ಬಂದ ಮೇಲೆ ಅಕ್ಕ ನನಗೆ ‘ಏ’ ಎಂದದ್ದು ಅದೇ ಮೊದಲು. ನಾನು ಬೆಚ್ಚಿ ಹಿಂದೆ ಸರಿದೆ. ಅಕ್ಕ ಚೂಡಿದಾರದ ಟಾಪು ಹಾರಿಸಿಕೊಂಡು ನುಗ್ಗಿ ಆ ಎತ್ತರದವಳ ಕಾಲಿನಿಂದ ಚೆಂಡನ್ನು ಒದ್ದ ಒದೆತಕ್ಕೆ ಅದು ಮೇಲಿನ ಬಲೆಗೆ ಬಡಿಯಿತು. ಮಗಳು ಹೊರಗಿನಿಂದ ಶಿಳ್ಳೆ ಹಾಕಿದಳು. ಅಕ್ಕನ ಮುಖ ಕೆಂಪಾಗಿತ್ತು, ಕೋಪವೋ ಖುಷಿಯೋ ಅವರಿಗೇ ಗೊತ್ತಿರಲಿಲ್ಲ.

ಆಮೇಲೆ ನಮ್ಮನ್ನು ಹಿಡಿಯುವವರೇ ಇಲ್ಲ. ‘ಅಕ್ಕ, ಎಡಕ್ಕೆ ಬನ್ನಿ!’ ಎಂದು ನಾನು ಕಿರುಚಿದೆ. ‘ಬಿದ್ದಿಯಾ? ಏಳು, ಏಳು, ಬಂದಳು ಅವಳು!’ ಎಂದು ಅವರು ಕಿರುಚಿದರು. ಒಮ್ಮೆ ನಾನು ‘ನೀವು ಸುಮ್ಮನಿರಿ, ಇದು ನನಗೆ’ ಎಂದು ಅವರನ್ನು ಭುಜದಿಂದ ತಳ್ಳಿ ಮುಂದೆ ಹೋದೆ. ಅವರಿಗೆ ಬೇಸರವಾಗುತ್ತದೋ ಎಂದು ಹೊಳೆದದ್ದು ಚೆಂಡು ಒದ್ದ ಮೇಲೆ. ಟೀಚರಿಗೆ ಮತ್ತೆ ಬೀಳುವ ಪ್ರಸಂಗವೇ ಬರಲಿಲ್ಲ. ನಮ್ಮ ಮುಂದಿನವರೂ ಏನೂ ಕಡಿದು ಹಾಕಲಿಲ್ಲ, ಆ ಮಾತು ಬೇರೆ. ಯಾರಿಗೂ ಗೋಲಿಲ್ಲದೆ ಆಟ ಮುಗಿಯಿತು. ನಮ್ಮ ಹೆಂಗಸರು ಗೆದ್ದವರ ಹಾಗೆ ಕುಣಿದರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ರಕ್ಷಣೆಯಲ್ಲಿ ಮುಖ್ಯ ನಡುವಿನ ಇಬ್ಬರು. ಆ ಇಬ್ಬರಲ್ಲಿ ಮುಖ್ಯ, ಮೊದಲು ಬಾಯಿ ಬಿಡುವವಳು. ವೇಗ ಬೇಕು, ಎತ್ತರವಿದ್ದರೆ ಒಳ್ಳೆಯದು, ಒದೆತ ಗಟ್ಟಿಯಿರಬೇಕು, ಎಲ್ಲ ಸರಿ. ಆದರೆ ಬಾಯಿ ಬಿಡದವಳು ಎಷ್ಟು ಒಳ್ಳೆಯ ಆಟಗಾರ್ತಿಯಾದರೂ ಅವಳ ಪಕ್ಕದಲ್ಲಿ ನಿಲ್ಲುವವಳ ಗತಿ ದೇವರಿಗೇ ಪ್ರೀತಿ. ಗಂಡ ಇವತ್ತಿಗೂ ಒಪ್ಪುವುದಿಲ್ಲ. ಅವರು ಸೋಫಾದಲ್ಲಿ ಗೋಲ್ ಕೀಪರನ್ನು ಹೊಗಳುತ್ತಾ ಇರಲಿ.

ಆಟ ಮುಗಿಸಿ, ಕೋಕಂ ಶರಬತ್ತು ಕುಡಿದು, ಬೆವರಿನ ಬಟ್ಟೆಯಲ್ಲೇ ಮನೆ ನೋಡಲು ಹೋದೆವು. ನಾನು, ಅಕ್ಕ, ಭಾವ, ಮಗಳು. ಎರಡನೇ ಮಹಡಿ. ಮನೆ ಚೆನ್ನಾಗಿತ್ತು, ಅದೇ ನನ್ನ ದುಃಖ. ಗಾಳಿ ಬೆಳಕು ಬೇಕಾದಷ್ಟು, ಅಡುಗೆಮನೆ ದೊಡ್ಡದು, ತುಳಸಿ ಗಿಡ ಇಡಲು ಬಿಸಿಲು ಬೀಳುವ ಬಾಲ್ಕನಿ. ಭಾವ ಕಿಟಕಿ ತೆಗೆದು ಮುಚ್ಚಿ ನೋಡಿದರು. ಏಜೆಂಟ್ ಮರಾಠಿಯಲ್ಲಿ ಒಂದೊಂದನ್ನೇ ಹೊಗಳುತ್ತಾ ಬಂದು, ಕೊನೆಗೆ ಅಡುಗೆಮನೆಯ ನಲ್ಲಿಯ ಮುಂದೆ ನಿಂತ. ‘ಪಾಣೀ ಬಘಾ, ಕಾಕೂ,’ ಎಂದು ತಿರುಗಿಸಿದ. ನೀರು ಭೋರ್ ಎಂದು ಬಂತು. ಠಾಕುರ್ಲಿಯಲ್ಲಿ ನಾವು ಬೆಳಿಗ್ಗೆ ಬೇಗ ಎದ್ದು ಡ್ರಮ್ಮು ತುಂಬಿಸಿಕೊಳ್ಳುವವರು. ಅಂಥ ನೀರನ್ನು ಕಂಡ ಯಾವ ಹೆಂಗಸಿನ ಮುಖವಾದರೂ ಅರಳಬೇಕು.

ಅಕ್ಕನ ಮುಖ ಬಾಡಿಹೋಯಿತು.

ನಾನು ಪಕ್ಕದಲ್ಲೇ ನಿಂತಿದ್ದೆ, ಸ್ಪಷ್ಟವಾಗಿ ನೋಡಿದೆ. ಭಾವ ‘ಹೇಗುಂಟು?’ ಎಂದು ಕೇಳಿದರು. ಅಕ್ಕ ನನ್ನ ಕಡೆ ಒಮ್ಮೆ ನೋಡಿ, ‘ಒಳ್ಳೆದುಂಟು. ನೀರು ಸಮಾ ಉಂಟು’ ಎಂದರು. ಭಾವ ಏಜೆಂಟನ ಕಡೆ ತಿರುಗಿದರು. ಇನ್ನೊಂದು ಕ್ಷಣ ಸುಮ್ಮನಿದ್ದರೆ ಮಾತು ಮುಗಿಯುತ್ತಿತ್ತು. ಗಂಟಲು ಆಟದಿಂದಲೇ ತೆರೆದಿತ್ತೋ ಏನೋ, ನಾನು ಬೇಕೆಂದು ಹೇಳಿದ್ದಲ್ಲ, ಅದಾಗಿಯೇ ಬಂತು.

‘ಭಾವ, ಹೂಂ ಅಂತ ಹೇಳ್ಬೇಡಿ. ಅಕ್ಕ ಇಲ್ಲಿಗೆ ಬರುದು ನಂಗೆ ಬೇಡ. ನಂಗೆ ಅಕ್ಕ ಇಲ್ಲದೆ ಆಗುದಿಲ್ಲ.’

ಹಿರಿಯರೆದುರು ಅವರ ಮನೆಯ ವಿಷಯದಲ್ಲಿ ನಾನು ಹೀಗೆ ಬಾಯಿ ಹಾಕಿದವಳೇ ಅಲ್ಲ. ನಲ್ಲಿಯ ನೀರು ಬೀಳುತ್ತಲೇ ಇತ್ತು. ಏಜೆಂಟನಿಗೆ ಕನ್ನಡ ಬಾರದು, ಆದರೆ ಗಿರಾಕಿ ಕೈತಪ್ಪಿತೆಂದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಅಕ್ಕ ಅಡುಗೆ ಕಟ್ಟೆಗೆ ಒರಗಿ ನಿಂತು ಅತ್ತುಬಿಟ್ಟರು.

‘ಇದನ್ನು ಹೇಳ್ಲಿಕ್ಕೆ ನಿಂಗೆ ಇಷ್ಟು ದಿನ ಬೇಕಾಯ್ತಾ ಮಾರಾಯ್ತಿ? ನಾನು ಹೇಳುವಾಗ ನೀನು ಹೌದು ಹೌದು ಅಂತ ತಲೆ ಆಡ್ಸಿದ್ದಿ. ನಿಂಗೆ ನಾವು ಸಾಕಾಗಿದೆ ಅಂತ ನಾನು ತಿಳ್ಕೊಂಡೆ. ಈ ಮನೆಯಲ್ಲಿ ನೀರೇ ಬರದೆ ಇರ್ಲಿ ಅಂತ ದೇವರಿಗೆ ಹರಕೆ ಹೇಳಿಕೊಂಡಿದ್ದೆ ನಾನು!’

ಭಾವ ಕಕ್ಕಾಬಿಕ್ಕಿಯಾಗಿ ನಿಂತರು. ‘ಎಂತ ಹೆಂಗ್ಸರಪ್ಪ ನೀವು! ಇವಳಿಗೆ ನವಿ ಮುಂಬಯಿಯ ರಸ್ತೆ ಇಷ್ಟ ಅಂತ ನಾನು ಈ ಕಡೆ ಹುಡುಕಿದ್ದು. ನಂಗೆ ಟ್ರೇನ್ ಅಭ್ಯಾಸ ಆಗಿದೆ. ಸಂಜೆ ಮನೆಗೆ ಬಂದು ತಮ್ಮನ ಹತ್ರ ಜಗಳ ಮಾಡದೆ ನಂಗೆ ಊಟ ಸೇರ್ತದಾ?’

ಮಗಳು ನಲ್ಲಿ ನಿಲ್ಲಿಸಿದಳು. ನಮ್ಮಿಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡಳು. ಅವಳ ಕಣ್ಣೂ ಒದ್ದೆಯಾಗಿತ್ತು. ನನ್ನ ಎದೆಯ ಮೇಲಿಂದ ತುಂಬಿದ ಗ್ಯಾಸ್ ಸಿಲಿಂಡರ್ ಇಳಿಸಿದ ಹಾಗಾಯಿತು. ವಾಪಸು ಬರುವಾಗ ಟ್ರೇನಿನಲ್ಲಿ ಕೂರಲು ಜಾಗ ಸಿಕ್ಕಿತು, ನಾನು ಠಾಣೆಯವರೆಗೆ ಗಡದ್ದಾಗಿ ನಿದ್ದೆ ಮಾಡಿದೆ. ಅಷ್ಟು ಒಳ್ಳೆಯ ನಿದ್ದೆ ಎಷ್ಟೋ ತಿಂಗಳಿಂದ ಬಂದಿರಲಿಲ್ಲ.

ಮುಂದಿನ ವಾರ ಡೊಂಬಿವ್ಲಿಯಲ್ಲೇ ಮನೆ ಹುಡುಕಲು ಹೊರಟೆವು. ಅಲ್ಲಿಯ ಏಜೆಂಟ್ ಹೆಂಗಸು, ನಮ್ಮ ಕಡೆಯವರೇ. ಒಂದು ಒಳ್ಳೆಯ ಫ್ಲ್ಯಾಟಿದೆ, ಮೊದಲು ಅದನ್ನು ನೋಡಿ, ಇನ್ನೊಬ್ಬರಿಗೆ ಬೇರೆ ಎಲ್ಲಾದರೂ ಹುಡುಕೋಣ ಎಂದರು. ನಾನು ಅಭ್ಯಾಸಬಲದಿಂದ, ಆಯ್ತು, ಮೊದಲು ಅಕ್ಕನಿಗೆ ಆಗಲಿ ಎನ್ನಲು ಹೊರಟಿದ್ದೆ. ಅಕ್ಕ ನನ್ನ ಕೈ ಒತ್ತಿ ಹಿಡಿದು ಅವರಿಗೆ ಹೇಳಿದರು:

‘ಒಂದೇ ಮನೆ ಇದ್ರೆ ತೋರಿಸ್ಲೇಬೇಡಿ. ನಮಗೆ ಎರಡು ಬೇಕು, ಬಾಗಿಲು ಎದುರೆದುರು ಇರ್ಬೇಕು. ನೀರು ಸ್ವಲ್ಪ ಕಮ್ಮಿ ಇದ್ರೂ ಅಡ್ಡಿಲ್ಲ.’